ಭಾರತದಲ್ಲಿ ಹಿಮದ ಕೊರತೆ ಮತ್ತು ಸ್ಕೀಯಿಂಗ್

ಭಾರತದಲ್ಲಿ ಸ್ಕೀಯಿಂಗ್ (ಹಿಮಜಾರಾಟ) ಹಿಮಾಲಯದ ಕೆಲವೇ ಇಳಿಜಾರುಗಳಿಗೆ ಸೀಮಿತವಾದ ಚಳಿಗಾಲದ ಕ್ರೀಡೆಯಾಗಿದೆ. ಜಮ್ಮು ಮತ್ತು ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಹಾಗೂ ಹಿಮಾಚಲ ಪ್ರದೇಶದ ಮನಾಲಿ ಸಮೀಪದ ಸೋಲಂಗ್ ಕಣಿವೆ ಇದರ ಪ್ರಮುಖ ತಾಣಗಳು. ಇತ್ತೀಚಿನ ಹಲವು ಚಳಿಗಾಲಗಳಲ್ಲಿ ಈ ತಾಣಗಳಲ್ಲಿ ಹಿಮಪಾತ ಕಡಿಮೆಯಾಗಿರುವುದರ ಜೊತೆಗೆ ಅದು ಬೀಳುವ ಕಾಲವೂ ಏರುಪೇರಾಗಿದೆ. ಇದರಿಂದ ರಾಷ್ಟ್ರೀಯ ಸ್ಪರ್ಧೆಗಳು ರದ್ದಾದ ಹಾಗೂ ಮುಂದೂಡಲ್ಪಟ್ಟ ನಿದರ್ಶನಗಳಿವೆ. ಹಿಮವೇ ಬೀಳದ ಕರ್ನಾಟಕದಂತಹ ರಾಜ್ಯಗಳಿಂದ ತರಬೇತಿಗೆ ತೆರಳುವವರ ಮೇಲೆ ಈ ಅನಿಶ್ಚಿತತೆಯ ಪರಿಣಾಮ ಹೆಚ್ಚು.

== ಸ್ಕೀಯಿಂಗ್‌ನ ಪ್ರಕಾರಗಳು ಮತ್ತು ಹಿಮದ ಅಗತ್ಯ ==

ಸ್ಕೀಯಿಂಗ್‌ನಲ್ಲಿ ಮುಖ್ಯವಾಗಿ ಎರಡು ಪ್ರಕಾರಗಳಿವೆ. ಕಡಿದಾದ ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಜಾರುವುದು ಆಲ್ಪೈನ್ ಸ್ಕೀಯಿಂಗ್. ಸ್ಲಾಲಂ ಮತ್ತು ಜೈಂಟ್ ಸ್ಲಾಲಂ ಸ್ಪರ್ಧೆಗಳು ಇದರಲ್ಲಿ ಸೇರುತ್ತವೆ. ಏರು, ಇಳಿಜಾರು ಹಾಗೂ ಸಮತಟ್ಟಾದ ನೆಲದ ಮೇಲೆ ದೂರವನ್ನು ಕ್ರಮಿಸುವುದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಇದು ನಾರ್ಡಿಕ್ ಸ್ಕೀಯಿಂಗ್ ಎಂಬ ಗುಂಪಿಗೆ ಸೇರುತ್ತದೆ.

ಎರಡೂ ಪ್ರಕಾರಗಳಿಗೆ ಹೊಸದಾಗಿ ಬಿದ್ದ ಸಡಿಲ ಹಿಮವಷ್ಟೇ ಸಾಲದು. ಪದರ ಪದರವಾಗಿ ಬಿದ್ದು, ಗಟ್ಟಿಯಾಗಿ ಕುಳಿತ ಹಿಮದ ತಳಹದಿ ಇರಬೇಕು. ತಳಹದಿ ತೆಳುವಾಗಿದ್ದಲ್ಲಿ ಕಲ್ಲು, ಪೊದೆ ಮತ್ತು ಮರದ ಬೊಡ್ಡೆಗಳು ಮೇಲೇಳುತ್ತವೆ. ಅವುಗಳಿಗೆ ತಗುಲಿ ಸ್ಕೀಗಳ ತಳ ಸೀಳುವುದುಂಟು. ಮೊಣಕಾಲಿಗೆ ಪೆಟ್ಟಾಗುವ ಅಪಾಯವೂ ಹೆಚ್ಚುತ್ತದೆ. ಸ್ಪರ್ಧೆಗೆ ಬೇಕಾದ ಹಾದಿಯನ್ನು ಯಂತ್ರಗಳಿಂದ ಒತ್ತಿ ಸಮಗೊಳಿಸುವುದಕ್ಕೂ ಸಾಕಷ್ಟು ದಪ್ಪನೆಯ ಹಿಮ ಬೇಕಾಗುತ್ತದೆ. ಆದ್ದರಿಂದ ಚಳಿಗಾಲದ ಆರಂಭದಲ್ಲಿಯೇ ಹಿಮ ಬೀಳದಿದ್ದರೆ ನಂತರದ ವಾರಗಳ ಕಾರ್ಯಕ್ರಮವೆಲ್ಲ ಹಿಂದೆ ಸರಿಯುತ್ತದೆ.

== ಹಿಮಪಾತದ ಕಾರಣಗಳು ==

ದಕ್ಷಿಣ ಭಾರತಕ್ಕೆ ಮಳೆ ತರುವ ಮುಂಗಾರು ಮತ್ತು ಹಿಂಗಾರು ಮಾರುತಗಳಿಗೂ ಹಿಮಾಲಯದ ಚಳಿಗಾಲದ ಹಿಮಕ್ಕೂ ನೇರ ಸಂಬಂಧವಿಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪ್ರದೇಶದಲ್ಲಿ ಹುಟ್ಟಿ ಪೂರ್ವಕ್ಕೆ ಸಾಗಿಬರುವ ವಾಯುಭಾರ ಕುಸಿತಗಳು ವಾಯವ್ಯ ಹಿಮಾಲಯಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಮತ್ತು ಹಿಮವನ್ನು ತರುತ್ತವೆ. ಹವಾಮಾನ ಶಾಸ್ತ್ರದಲ್ಲಿ ಇವನ್ನು ಪಶ್ಚಿಮದ ವಾಯುಕ್ಷೋಭೆಗಳು ಎನ್ನುತ್ತಾರೆ. ಇವು ದುರ್ಬಲವಾದರೆ ಅಥವಾ ಉತ್ತರಕ್ಕೆ ಸರಿದು ಹೋದರೆ ಕಾಶ್ಮೀರ, ಹಿಮಾಚಲ ಮತ್ತು ಉತ್ತರಾಖಂಡಗಳು ಒಣಗುತ್ತವೆ. ಕ್ಷೋಭೆ ಬಂದರೂ ಉಷ್ಣಾಂಶ ಸಾಕಷ್ಟು ಇಳಿದಿರದಿದ್ದರೆ ಕೆಳಗಿನ ಇಳಿಜಾರುಗಳಲ್ಲಿ ಹಿಮದ ಬದಲು ಮಳೆ ಬಿದ್ದು, ಇದ್ದ ಹಿಮವೂ ಕರಗುತ್ತದೆ.

ಹಿಮ ಬೀಳಲು ಚಳಿಯೊಂದೇ ಸಾಲದು; ಎತ್ತರ, ಅಕ್ಷಾಂಶ ಮತ್ತು ತೇವಾಂಶ ಮೂರೂ ಕೂಡಿಬರಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದಲ್ಲಿ ಚಳಿಗಾಲದ ಮುಂಜಾನೆ ಕಾಣುವುದು ಮಂಜು, ಅಂದರೆ ನೆಲಮಟ್ಟದ ಮೋಡವೇ ಹೊರತು ಹಿಮವಲ್ಲ. ಸುಮಾರು 1,478 ಮೀಟರ್ ಎತ್ತರದ ಈ ಬೆಟ್ಟವು ಉಷ್ಣವಲಯದಲ್ಲಿರುವುದರಿಂದ ಅಲ್ಲಿನ ಉಷ್ಣಾಂಶ ಹಿಮ ಬೀಳುವ ಮಟ್ಟಕ್ಕೆ ಇಳಿಯುವುದಿಲ್ಲ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಆರಂಭವಾಗುವ 40 ದಿನಗಳ ಕಡುಚಳಿಯ ಅವಧಿಗೆ 'ಚಿಲ್ಲೈ ಕಲಾನ್' ಎಂಬ ಹೆಸರಿದೆ. ಅದರ ನಂತರ 20 ದಿನಗಳ 'ಚಿಲ್ಲೈ ಖುರ್ದ್' ಹಾಗೂ 10 ದಿನಗಳ 'ಚಿಲ್ಲೈ ಬಚ್ಚಾ' ಬರುತ್ತವೆ. ಚಿಲ್ಲೈ ಕಲಾನ್‌ನಲ್ಲಿ ಬಿದ್ದ ಹಿಮ ಚಳಿಯಿಂದಾಗಿ ಗಟ್ಟಿಗೊಂಡು ಬಹುಕಾಲ ಉಳಿಯುತ್ತದೆ. ಫೆಬ್ರವರಿಯ ಕೊನೆಯಲ್ಲಿ ಅಥವಾ ಮಾರ್ಚ್‌ನಲ್ಲಿ ಬಿದ್ದ ಹಿಮ ಬಿಸಿಲೇರಿದಂತೆ ಬೇಗ ಕರಗುತ್ತದೆ.

== ಕೊರತೆ ಮತ್ತು ಅನಿಶ್ಚಿತತೆ ==

ಹಿಮದ ಕೊರತೆ ಮತ್ತು ಹಿಮದ ಅನಿಶ್ಚಿತತೆ ಎರಡು ಬೇರೆ ಬೇರೆ ಸಮಸ್ಯೆಗಳು. ಇಡೀ ಋತುವಿನ ಒಟ್ಟು ಹಿಮ ಸಾಧಾರಣ ಪ್ರಮಾಣದಲ್ಲಿದ್ದರೂ ಅದು ತಡವಾಗಿ, ಒಮ್ಮೆಲೇ ಬಿದ್ದರೆ ಕ್ರೀಡೆಗೆ ಒದಗುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಮಳೆಯಾಶ್ರಿತ ರಾಗಿ ಬೆಳೆಗಾರರಿಗೆ ಈ ವ್ಯತ್ಯಾಸ ಚಿರಪರಿಚಿತ. ಬಿತ್ತನೆಯ ಹದಕ್ಕೆ ಬಾರದ ಮಳೆ ಕೊಯ್ಲಿನ ಹೊತ್ತಿಗೆ ಧಾರಾಕಾರವಾಗಿ ಸುರಿದರೆ, ವರ್ಷದ ಲೆಕ್ಕ ಸರಿಹೋದರೂ ಬೆಳೆ ಕೈಗೆ ಬರುವುದಿಲ್ಲ. ಸ್ಕೀಯಿಂಗ್‌ನಲ್ಲಿಯೂ ತರಬೇತಿ ಶಿಬಿರ, ಆಯ್ಕೆ ಮತ್ತು ಸ್ಪರ್ಧೆಗಳ ದಿನಾಂಕಗಳು ಮೊದಲೇ ನಿಗದಿಯಾಗಿರುತ್ತವೆ. ಹಿಮ ಆ ದಿನಾಂಕಗಳನ್ನು ಅನುಸರಿಸುವುದಿಲ್ಲ.

ಕಠ್ಮಂಡುವಿನಲ್ಲಿರುವ ಅಂತರರಾಷ್ಟ್ರೀಯ ಪರ್ವತ ಅಭಿವೃದ್ಧಿ ಸಂಸ್ಥೆಯಾದ ಇಸಿಮೋಡ್, ಹಿಮ ಬಿದ್ದ ನಂತರ ನೆಲದ ಮೇಲೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಪ್ರತಿವರ್ಷ ಅಳೆದು ವರದಿ ಮಾಡುತ್ತದೆ. 2024ರ ನವೆಂಬರ್‌ನಿಂದ 2025ರ ಮಾರ್ಚ್‌ವರೆಗಿನ ಅವಧಿಯಲ್ಲಿ ಹಿಂದೂಕುಶ್–ಹಿಮಾಲಯ ಪ್ರದೇಶದಲ್ಲಿ ಈ ಪ್ರಮಾಣವು ಸಾಧಾರಣಕ್ಕಿಂತ ಶೇ. 23.6ರಷ್ಟು ಕಡಿಮೆಯಿತ್ತು. ಇದು 23 ವರ್ಷಗಳಲ್ಲಿ ದಾಖಲಾದ ಕನಿಷ್ಠ ಪ್ರಮಾಣವಾಗಿದೆ.

== ಪ್ರಮುಖ ತಾಣಗಳು ==

=== ಗುಲ್ಮಾರ್ಗ್ ===

ಬಾರಾಮುಲ್ಲಾ ಜಿಲ್ಲೆಯ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಬ್ರಿಟಿಷ್ ಅಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಸ್ಥಾಪಿಸಿದರು. ಭಾರತೀಯ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಹಾಗೂ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇಲ್ಲಿವೆ. ಗುಲ್ಮಾರ್ಗ್ ಗೊಂಡೊಲಾ ಎಂಬ ಹಗ್ಗದ ರೈಲಿನ ಮೊದಲ ಹಂತ 1998ರಲ್ಲಿ ಕೊಂಗ್‌ಡೋರಿಯವರೆಗೆ, ಎರಡನೆಯ ಹಂತ 2005ರಲ್ಲಿ ಅಫರ್ವತ್ ಪರ್ವತದವರೆಗೆ ಆರಂಭವಾಯಿತು.

2024ರ ಜನವರಿಯಲ್ಲಿ ಚಿಲ್ಲೈ ಕಲಾನ್‌ನ ಹೆಚ್ಚಿನ ಭಾಗ ಒಣಗಿಯೇ ಕಳೆಯಿತು. ಬಿಳಿಯಾಗಿರಬೇಕಿದ್ದ ಗುಲ್ಮಾರ್ಗ್‌ನ ಹುಲ್ಲುಗಾವಲು ಕಂದು ಬಣ್ಣದಲ್ಲಿಯೇ ಉಳಿದ ಚಿತ್ರಗಳು ದೇಶದಾದ್ಯಂತ ಪ್ರಸಾರವಾದವು. ತಿಂಗಳ ಕೊನೆಯಲ್ಲಿ ಹಿಮ ಬಿದ್ದ ಕಾರಣ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತವು ಫೆಬ್ರವರಿ 21ರಿಂದ 25ರವರೆಗೆ ನಡೆಯಿತು. ಮರುವರ್ಷ ಪರಿಸ್ಥಿತಿ ಬೇರೆಯಾಯಿತು. 2025ರ ಫೆಬ್ರವರಿ 22ರಂದು ಆರಂಭವಾಗಬೇಕಿದ್ದ ಹಂತವನ್ನು ಹಿಮದ ಕೊರತೆಯಿಂದ ಮುಂದೂಡಲಾಯಿತು. ನಂತರದ ಹಿಮಪಾತದ ಬಳಿಕ ಅದು ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಇದೇ ಕೂಟದ ಮಂಜುಗಡ್ಡೆಯ ಮೇಲಿನ ಸ್ಪರ್ಧೆಗಳು ಲಡಾಖ್‌ನ ಲೇಹ್‌ನಲ್ಲಿ ಜನವರಿಯಲ್ಲಿಯೇ ಮುಗಿದಿದ್ದವು.

=== ಔಲಿ ===

ಚಮೋಲಿ ಜಿಲ್ಲೆಯ ಜೋಶಿಮಠದ ಮೇಲ್ಭಾಗದಲ್ಲಿರುವ ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,050 ಮೀಟರ್ ಎತ್ತರದಲ್ಲಿವೆ. ಭಾರತ–ಟಿಬೆಟ್ ಗಡಿ ಪೊಲೀಸ್ ಪಡೆಯ ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆ ಇಲ್ಲಿದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮದ ಸ್ಪರ್ಧೆಗಳು ಇಲ್ಲಿ ನಡೆದವು. ಅದಕ್ಕಾಗಿ ಕೃತಕ ಹಿಮ ತಯಾರಿಸುವ ಯಂತ್ರಗಳನ್ನೂ ಅಳವಡಿಸಲಾಗಿತ್ತು. ಆದರೂ 2023ರ ಫೆಬ್ರವರಿಯಲ್ಲಿ ಇಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಮಟ್ಟದ ಸ್ಪರ್ಧೆ ಸಾಕಷ್ಟು ಹಿಮವಿಲ್ಲದೆ ರದ್ದಾಯಿತು. ಅದೇ ವರ್ಷ ಜನವರಿಯಲ್ಲಿ ಜೋಶಿಮಠದಲ್ಲಿ ಭೂಕುಸಿತ ತೀವ್ರಗೊಂಡು ಔಲಿಗೆ ಹೋಗುವ ರೋಪ್‌ವೇ ಕೂಡ ಸ್ಥಗಿತಗೊಂಡಿತ್ತು.

=== ಮನಾಲಿ ===

ಮನಾಲಿಯಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯು ಸೋಲಂಗ್ ಕಣಿವೆಯಲ್ಲಿ ಸ್ಕೀಯಿಂಗ್ ತರಬೇತಿ ನೀಡುತ್ತದೆ. 2018ರ ಜನವರಿಯಲ್ಲಿ ಟರ್ಕಿಯ ಸ್ಪರ್ಧೆಯೊಂದರಲ್ಲಿ ಸ್ಲಾಲಂ ವಿಭಾಗದ ಕಂಚು ಗೆದ್ದ ಆಂಚಲ್ ಠಾಕೂರ್ ಈ ಪ್ರದೇಶದವರು. ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಅದು ಮೊದಲ ಅಂತರರಾಷ್ಟ್ರೀಯ ಪದಕವೆಂದು ಗುರುತಿಸಲಾಗಿದೆ.

== ಹೊಂದಾಣಿಕೆಯ ಮಾರ್ಗಗಳು ==

'''ಎತ್ತರಕ್ಕೆ ಸರಿಯುವುದು:''' ಕೆಳಗಿನ ಇಳಿಜಾರು ಬರಿದಾದಾಗ ಅಭ್ಯಾಸವನ್ನು ಮೇಲಕ್ಕೆ ಸ್ಥಳಾಂತರಿಸಲಾಗುತ್ತದೆ. ಗುಲ್ಮಾರ್ಗ್‌ನಲ್ಲಿ ಗೊಂಡೊಲಾ ಇರುವುದರಿಂದ ಇದು ಸುಲಭ. ಆದರೆ ಮೇಲಿನ ಇಳಿಜಾರುಗಳು ಕಡಿದಾಗಿದ್ದು ಹೊಸಬರಿಗೆ ತಕ್ಕುದಲ್ಲ. ಕಲಿಯುವವರಿಗೆ ಬೇಕಾದ ತಗ್ಗಿನ ಇಳಿಜಾರುಗಳೇ ಮೊದಲು ಹಿಮ ಕಳೆದುಕೊಳ್ಳುತ್ತವೆ.

'''ದಿನಾಂಕ ಬದಲಿಸುವುದು:''' ಸ್ಪರ್ಧೆಯನ್ನು ಮುಂದೂಡುವುದು ಆಯೋಜಕರಿಗೆ ಇರುವ ಸರಳ ದಾರಿ. ಇದರ ಹೊರೆ ಸ್ಪರ್ಧಿಗಳ ಮೇಲೆ ಬೀಳುತ್ತದೆ. ಮಾರ್ಚ್ ತಿಂಗಳು ಶಾಲಾ ಕಾಲೇಜುಗಳ ಪರೀಕ್ಷೆಯ ಕಾಲವಾಗಿರುವುದರಿಂದ ವಿದ್ಯಾರ್ಥಿಗಳಿಗೆ ತೊಂದರೆ ಇನ್ನೂ ಹೆಚ್ಚು.

'''ಕೃತಕ ಹಿಮ:''' ಒತ್ತಡದ ಗಾಳಿಯೊಂದಿಗೆ ನೀರನ್ನು ಸೂಕ್ಷ್ಮ ಹನಿಗಳಾಗಿ ಚಿಮ್ಮಿಸಿ ಹೆಪ್ಪುಗಟ್ಟಿಸುವುದು ಇದರ ವಿಧಾನ. ಗಾಳಿಯ ತೇವಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಉಷ್ಣಾಂಶವು ಸುಮಾರು −2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಾತ್ರ ಇದು ಫಲಿಸುತ್ತದೆ. ಅಂದರೆ ಹಿಮ ಬೀಳದ ಒಣ ಚಳಿಗಾಲಕ್ಕೆ ಇದು ಪರಿಹಾರವಾಗಬಲ್ಲದು. ಬೆಚ್ಚನೆಯ ಚಳಿಗಾಲಕ್ಕೆ ಆಗದು. ಜೊತೆಗೆ ಹೇರಳ ನೀರು ಮತ್ತು ವಿದ್ಯುತ್ ಬೇಕು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಸಂಪೂರ್ಣವಾಗಿ ಕೃತಕ ಹಿಮದ ಮೇಲೆಯೇ ನಡೆಯಿತು.

'''ಹಿಮದ ಸಂಗ್ರಹ ಮತ್ತು ಸಾಗಣೆ:''' 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಸೈಪ್ರೆಸ್ ಪರ್ವತಕ್ಕೆ ಲಾರಿ ಮತ್ತು ಹೆಲಿಕಾಪ್ಟರ್‌ಗಳಲ್ಲಿ ಹಿಮ ಸಾಗಿಸಲಾಯಿತು. 2014ರ ಸೋಚಿ ಒಲಿಂಪಿಕ್ಸ್‌ಗೆ ಹಿಂದಿನ ಚಳಿಗಾಲದ ಹಿಮವನ್ನು ಶಾಖನಿರೋಧಕ ಹೊದಿಕೆಗಳಡಿ ಕಾಪಿಡಲಾಗಿತ್ತು.

'''ರೋಲರ್ ಸ್ಕೀ:''' ಚಿಕ್ಕ ಚಕ್ರಗಳಿರುವ ಈ ಸ್ಕೀಗಳಿಂದ ಡಾಂಬರು ರಸ್ತೆಯ ಮೇಲೆ ಕ್ರಾಸ್ ಕಂಟ್ರಿ ಅಭ್ಯಾಸ ಮಾಡಬಹುದು. ಕೈಕಾಲುಗಳ ಲಯ, ಉಸಿರಿನ ಸಾಮರ್ಥ್ಯ ಮತ್ತು ಸಮತೋಲನವನ್ನು ಇದರಿಂದ ಬೆಳೆಸಿಕೊಳ್ಳಬಹುದು. ಹಿಮದ ಮೇಲಿನ ಜಾರುವಿಕೆಯ ಅನುಭವವನ್ನು ಮಾತ್ರ ಇದು ಪೂರ್ಣವಾಗಿ ಕೊಡುವುದಿಲ್ಲ.

'''ವಿದೇಶದಲ್ಲಿ ತರಬೇತಿ:''' ಯುರೋಪಿನ ತಾಣಗಳ ಜೊತೆಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಳಿಗಾಲವಿರುವ ದಕ್ಷಿಣ ಗೋಳಾರ್ಧದ ಚಿಲಿ ಮುಂತಾದ ದೇಶಗಳಿಗೆ ಸ್ಕೀ ಪಟುಗಳು ಹೋಗುತ್ತಾರೆ. ಇದು ಎಲ್ಲಕ್ಕಿಂತ ಫಲಕಾರಿ ಹಾಗೂ ಎಲ್ಲಕ್ಕಿಂತ ದುಬಾರಿ ಮಾರ್ಗ.

== ಸುರಕ್ಷತೆ ==

ಕೊರತೆಯ ಚಳಿಗಾಲದಲ್ಲಿ ಹಿಮಕುಸಿತದ ಅಪಾಯ ಕಡಿಮೆ ಎಂಬ ಭಾವನೆ ತಪ್ಪು. ತೆಳುವಾದ ಹಿಮದ ಪದರವು ಮೋಡವಿಲ್ಲದ ಚಳಿಯ ರಾತ್ರಿಗಳಲ್ಲಿ ಬಂಧ ಕಳೆದುಕೊಂಡು ಸಕ್ಕರೆಯ ಹರಳುಗಳಂತೆ ಸಡಿಲವಾಗುತ್ತದೆ. ಅದರ ಮೇಲೆ ಒಮ್ಮೆಲೇ ಭಾರೀ ಹಿಮ ಬಿದ್ದಾಗ ಮೇಲಿನ ಪದರ ನೆಲೆ ನಿಲ್ಲದೆ ಜಾರುತ್ತದೆ. ದೀರ್ಘ ಒಣಹವೆಯ ನಂತರ ಹಿಮ ಸುರಿದಿದ್ದ 2024ರ ಫೆಬ್ರವರಿ 22ರಂದು ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಸಂಭವಿಸಿದ ಹಿಮಕುಸಿತದಲ್ಲಿ ರಷ್ಯಾದ ಸ್ಕೀ ಪಟುವೊಬ್ಬರು ಮೃತಪಟ್ಟರು, ಜೊತೆಗಿದ್ದವರನ್ನು ರಕ್ಷಿಸಲಾಯಿತು. ಇದಕ್ಕೂ ಮೊದಲು 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀ ಪಟುಗಳು ಹಿಮಕುಸಿತಕ್ಕೆ ಬಲಿಯಾಗಿದ್ದರು. ಬಹುದಿನ ಕಾದ ನಂತರ ಬಿದ್ದ ಮೊದಲ ದೊಡ್ಡ ಹಿಮದಲ್ಲಿಯೇ ಇಳಿಯುವ ಆತುರ ಈ ಕಾರಣದಿಂದ ಅಪಾಯಕಾರಿ. ಗುರುತಿಸಿದ ಹಾದಿ ಬಿಟ್ಟು ಹೋಗುವವರು ಸ್ಥಳೀಯ ಮಾರ್ಗದರ್ಶಕರನ್ನು ಕರೆದೊಯ್ಯುವುದು, ಹಿಮದಡಿ ಸಿಲುಕಿದವರನ್ನು ಪತ್ತೆಹಚ್ಚುವ ಸಂಕೇತ ಸಾಧನ, ಶೋಧ ಕೋಲು ಮತ್ತು ಸಲಿಕೆ ಇಟ್ಟುಕೊಳ್ಳುವುದು ಸಾಮಾನ್ಯ ಸುರಕ್ಷತಾ ಕ್ರಮಗಳಾಗಿವೆ.

== ಕರ್ನಾಟಕದ ಸ್ಕೀ ಪಟುಗಳು ==

ಕರ್ನಾಟಕದಲ್ಲಿ ಸ್ವಾಭಾವಿಕ ಹಿಮದ ಇಳಿಜಾರುಗಳಿಲ್ಲ. ಬೆಂಗಳೂರಿನ ಸ್ನೋ ಸಿಟಿ ಒಳಾಂಗಣ ಹಿಮದ ವಿನೋದ ತಾಣವೇ ಹೊರತು ಸ್ಪರ್ಧಾ ತರಬೇತಿಯ ಕೇಂದ್ರವಲ್ಲ. ಆದ್ದರಿಂದ ರಾಜ್ಯದ ಆಸಕ್ತರು ಸಾಮಾನ್ಯವಾಗಿ ಗುಲ್ಮಾರ್ಗ್ ಅಥವಾ ಮನಾಲಿಯ ಸಂಸ್ಥೆಗಳ ಸುಮಾರು ಎರಡು ವಾರಗಳ ಶಿಬಿರಗಳನ್ನು ಅವಲಂಬಿಸುತ್ತಾರೆ. ಕಾಶ್ಮೀರದ ನಿವಾಸಿಗೆ ಒಂದು ವಾರ ಹಿಮ ತಡವಾದರೆ ಮುಂದಿನ ವಾರ ಇಳಿಜಾರು ಸಿಗುತ್ತದೆ. ದೂರದಿಂದ ರಜೆ ಹಾಕಿ, ರೈಲು ಅಥವಾ ವಿಮಾನದ ಟಿಕೆಟ್ ಮಾಡಿಸಿ ಬಂದವರಿಗೆ ಆ ಒಂದು ವಾರವೇ ವರ್ಷದ ಅಭ್ಯಾಸದ ಅರ್ಧಭಾಗ.

ಈ ಮಿತಿಗಳ ನಡುವೆಯೂ ಕೊಡಗಿನ ನಾಪೋಕ್ಲು ಮೂಲದ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಕರ್ನಾಟಕದ ಪರವಾಗಿ ಪದಕ ಗೆದ್ದಿರುವ ಅವರು, 2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಪರ್ಧಿಸಿದರು. ಅದೇ ವರ್ಷ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚಿನ ಪದಕ ಪಡೆದರು. ಹಿಮಾಲಯದಲ್ಲಿ ಹಿಮವಿಲ್ಲದ ತಿಂಗಳುಗಳಲ್ಲಿ ಹಿಮವಿರುವ ಗೋಳಾರ್ಧಕ್ಕೆ ತೆರಳುವ ಮಾರ್ಗಕ್ಕೆ ಇದು ನಿದರ್ಶನವಾಗಿದೆ.

== ಸ್ಥಳೀಯ ಜೀವನೋಪಾಯ ==

ಹಿಮ ತಾಣಗಳ ಆರ್ಥಿಕತೆ ಚಳಿಗಾಲದ ಕೆಲವೇ ವಾರಗಳನ್ನು ನೆಚ್ಚಿಕೊಂಡಿದೆ. ಸ್ಕೀ ಬಾಡಿಗೆಗೆ ಕೊಡುವವರು, ತರಬೇತುದಾರರು, ಮಾರ್ಗದರ್ಶಕರು, ಮರದ ಸ್ಲೆಡ್ಜ್ ಎಳೆಯುವವರು, ಕುದುರೆ ನಡೆಸುವವರು, ಹೋಟೆಲ್ ಮತ್ತು ಟ್ಯಾಕ್ಸಿ ನೌಕರರು ಹಿಮ ತಡವಾದಷ್ಟೂ ದಿನ ಕೆಲಸ ಕಳೆದುಕೊಳ್ಳುತ್ತಾರೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಇಂತಹ ಹಿನ್ನೆಲೆಯಿಂದ ಬಂದವರು. ಅವರ ತಂದೆ ಗುಲ್ಮಾರ್ಗ್‌ನಲ್ಲಿ ಸ್ಕೀ ಸಲಕರಣೆಗಳ ಅಂಗಡಿ ನಡೆಸುತ್ತಿದ್ದರು. ಅವರು ಜೈಂಟ್ ಸ್ಲಾಲಂನಲ್ಲಿ 45ನೆಯ ಸ್ಥಾನ ಗಳಿಸಿದರು.

ಹಿಮದ ಕೊರತೆ ಕ್ರೀಡೆ ಮತ್ತು ಪ್ರವಾಸೋದ್ಯಮಕ್ಕಷ್ಟೇ ಸಂಬಂಧಿಸಿದ್ದಲ್ಲ. ಚಳಿಗಾಲದ ಹಿಮ ವಸಂತ ಮತ್ತು ಬೇಸಿಗೆಯಲ್ಲಿ ನಿಧಾನವಾಗಿ ಕರಗಿ ಝೀಲಂ ಮುಂತಾದ ನದಿಗಳಿಗೆ, ಸೇಬಿನ ತೋಟಗಳಿಗೆ ಮತ್ತು ಭತ್ತದ ಗದ್ದೆಗಳಿಗೆ ನೀರೊದಗಿಸುತ್ತದೆ. ಸ್ಕೀ ಇಳಿಜಾರು ಬರಿದಾದ ವರ್ಷ ಕಣಿವೆಯ ರೈತರೂ ನೀರಿನ ಚಿಂತೆಗೆ ಒಳಗಾಗುತ್ತಾರೆ.

== ಇವನ್ನೂ ನೋಡಿ ==

* ಗುಲ್ಮಾರ್ಗ್
* ಔಲಿ
* ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ
* ಹವಾಮಾನ ಬದಲಾವಣೆ
* ನಂದಿಬೆಟ್ಟ