ಅಳಿಯನ ಮನೆಯ ದಾರಿ

ಕನ್ನಡ ಸಾಹಿತ್ಯ ಓದುವವರಿಗೆ ಶ್ರೀಶೈಲವೆಂದರೆ ಅಕ್ಕಮಹಾದೇವಿಯ ಬದುಕಿನ ಕೊನೆಯ ಪುಟ. ಉಡುತಡಿ, ಕಲ್ಯಾಣ, ಕದಳಿ ಎಂದು ಮೂರು ಹೆಸರು ಹೇಳಿ ಮುಂದೆ ಹೋಗುತ್ತೇವೆ. ಕಲ್ಯಾಣಕ್ಕೂ ಕದಳಿಗೂ ನಡುವಿನ ನೆಲ, ಅಂದರೆ ಕೃಷ್ಣೆಯ ದಕ್ಷಿಣಕ್ಕಿರುವ ನಲ್ಲಮಲ ಬೆಟ್ಟಗಳ ಕಾಡು, ನಮ್ಮ ಪಾಠಗಳಲ್ಲಿ ಬರುವುದು ಕಡಿಮೆ.

ಅದನ್ನು ಇವತ್ತಿಗೂ ಕಾಲಲ್ಲಿ ಅಳೆಯುವವರಿದ್ದಾರೆ. ಯುಗಾದಿ ಹತ್ತಿರವಾದಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಕಡೆಯ ಊರುಗಳಿಂದ ಜನ ಗುಂಪುಗುಂಪಾಗಿ ಪರ್ವತ ಮಲ್ಲಯ್ಯನ ಬಳಿಗೆ ಹೊರಡುತ್ತಾರೆ. ವಿಜಯಪುರದಿಂದ ಸುಮಾರು 400 ಕಿ.ಮೀ. ಕೆಲವರ ಹೆಗಲ ಮೇಲೆ ಕಂಬಿ, ಹರಕೆ ಹೊತ್ತ ಕೆಲವರಿಗೆ ಮರಗಾಲು. ಆತ್ಮಕೂರು ದಾಟಿ ವೆಂಕಟಾಪುರದ ಬಳಿ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಮಠಂ ಬಾವಿ. ಆಮೇಲೆ ಭೀಮುನಿ ಕೊಲನಿನ ಆಳಕ್ಕೆ ಇಳಿದು ಮತ್ತೆ ಕೈಲಾಸ ದ್ವಾರದವರೆಗೆ ಏರಬೇಕು. ಈ ತಂಗುದಾಣಗಳ ಹೆಸರುಗಳಲ್ಲೇ ಕೊಳ, ಬಾವಿ, ಕೆರೆಗಳಿವೆ. ಬೇಸಿಗೆಯಲ್ಲಿ ನಡೆಯುವವರಿಗೆ ಬೇಕಾದದ್ದೂ ಅದೇ, ನೀರು.

ಕಡಿದಾದ ಕಡೆಗಳಲ್ಲಿ ಸಿಗುವ ಕಲ್ಲಿನ ಮೆಟ್ಟಿಲುಗಳಿಗೂ ಚರಿತ್ರೆಯಿದೆ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿಯನ್ನು ಶಾಸನಗಳು 14ನೆಯ ಶತಮಾನದ ಪ್ರೋಲಯ ವೇಮಾರೆಡ್ಡಿಗೆ ಕೊಡುತ್ತವೆ. ದೇವಸ್ಥಾನದಿಂದ ನದಿಗೆ, ಪಾತಾಳಗಂಗೆಗೆ, ಇಳಿಯುವ ಮೆಟ್ಟಿಲು ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯದು. 1377ರ ಸುಮಾರಿಗೆ ಅನವೇಮಾರೆಡ್ಡಿ ಕಟ್ಟಿಸಿದ ವೀರಶಿರೋಮಂಟಪದ ಬಗ್ಗೆ ಓದುವಾಗ ಮಾತ್ರ ಮೈ ಜುಮ್ಮೆನ್ನುತ್ತದೆ. ಭಕ್ತರು ತಮ್ಮ ತಲೆಯನ್ನೂ ನಾಲಿಗೆಯನ್ನೂ ಕತ್ತರಿಸಿ ಅರ್ಪಿಸುತ್ತಿದ್ದ ಜಾಗವದು. ಅಷ್ಟು ದೂರ ನಡೆದು ಬಂದವರಲ್ಲಿ ಕೆಲವರು ಮರಳುವ ಯೋಚನೆಯನ್ನೇ ಇಟ್ಟುಕೊಂಡಿರಲಿಲ್ಲ. ಮರಗಾಲಿನ ಹರಕೆಯನ್ನು ಮೂಢನಂಬಿಕೆ ಎಂದು ಒಂದೇ ಮಾತಲ್ಲಿ ತಳ್ಳಿಹಾಕುವ ಮೊದಲು ಈ ಮಂಟಪವನ್ನು ನೆನೆಯಬೇಕು. ಮೈಯನ್ನು ದಂಡಿಸಿ ಒಪ್ಪಿಸುವ ಭಕ್ತಿ ಇಲ್ಲಿ ಬಹಳ ಹಳೆಯದು.

ಅರಸರು ಕಲ್ಲು ಹಾಸಿದ್ದೇನೋ ನಿಜ, ಆದರೆ ಈ ದಾರಿ ಎಂದೂ ಪುಕ್ಕಟೆಯಾಗಿರಲಿಲ್ಲ. ಮದರಾಸಿನ ಏನುಗುಲ ವೀರಾಸ್ವಾಮಿ 1830ರಲ್ಲಿ ಕಾಶಿಗೆ ಹೊರಟವರು ಈ ಕಡೆಯಿಂದಲೇ ಹಾದುಹೋದರು. ಕರ್ನೂಲಿನ ನವಾಬರು ಯಾತ್ರಿಕರಿಂದ ತೆರಿಗೆ ವಸೂಲು ಮಾಡುತ್ತಿದ್ದ ಕಾಲವದು. 1839ರಲ್ಲಿ ಕಂಪನಿ ಸರ್ಕಾರ ನವಾಬಗಿರಿಯನ್ನೇ ಕಿತ್ತುಕೊಂಡಿತು.

ಇವರೆಲ್ಲರಿಗಿಂತ ಮೊದಲಿಂದ ಅಲ್ಲಿದ್ದವರು ಚೆಂಚುಗಳು. ಬ್ರಿಟಿಷ್ ದಾಖಲೆಗಳಲ್ಲಿ ಅವರು ಒಮ್ಮೆ ಯಾತ್ರಿಕರ ಕಾವಲುಗಾರರು, ಇನ್ನೊಮ್ಮೆ ದಾರಿಗಳ್ಳರು. ತಮ್ಮ ಕಾಡಿನಲ್ಲಿ ಹಾದುಹೋಗುವವರಿಂದ ಚೆಂಚುಗಳು ಏನಾದರೂ ಪಡೆದರೆ ಅದು ಸುಲಿಗೆ, ನವಾಬ ಪಡೆದರೆ ಸುಂಕ! ಚೆಂಚುಗಳ ಪಾಲಿಗೆ ದೇವರು ಚೆಂಚು ಮಲ್ಲಯ್ಯ: ತಮ್ಮ ಹುಡುಗಿಯನ್ನು ಮೆಚ್ಚಿ ಮದುವೆಯಾದ ಅಳಿಯ.

ನಮ್ಮ ಕಡೆಯವರ ಮಾತೂ ಇದೇ. ಭ್ರಮರಾಂಬೆ ತಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಬಳೆ, ಅರಿಸಿನ ಕುಂಕುಮ ಒಯ್ಯಬೇಕು. ನೂರಾರು ಮೈಲಿ ಆಚೆಯ ಬಯಲುಸೀಮೆಯ ಒಕ್ಕಲಿಗರೂ ಕಾಡೊಳಗಿನ ಬೇಟೆಗಾರರೂ ಒಬ್ಬನನ್ನೇ ಅಳಿಯನೆನ್ನುತ್ತಾರೆ. ಇದನ್ನು ಬರಿಯ ಜನಪದ ಕಲ್ಪನೆ ಎಂದು ಬದಿಗಿಡಲು ನನಗೆ ಮನಸ್ಸಿಲ್ಲ. ಮಗಳನ್ನು ಕೊಟ್ಟ ಮನೆಗೆ ಹೋಗಿಬರಲು ಯಾರ ಅಪ್ಪಣೆ ಬೇಕು? ಮೆಟ್ಟಿಲು ಕಟ್ಟಿದವರೂ ಸುಂಕ ಕಟ್ಟಿಸಿಕೊಂಡವರೂ ಇಲ್ಲವಾದ ಮೇಲೂ ಈ ದಾರಿ ಉಳಿದದ್ದರಲ್ಲಿ ಆ ನಂಟಿಗೆ ದೊಡ್ಡ ಪಾಲಿದೆ ಎಂದು ನನ್ನ ಎಣಿಕೆ.

ಈಗ ಅಪ್ಪಣೆ ಬೇಕು. ಕಾಡು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಶಿವರಾತ್ರಿ, ಯುಗಾದಿಯ ಕೆಲವು ದಿನ ಮಾತ್ರ ಅರಣ್ಯ ಇಲಾಖೆ ಕಾಲುದಾರಿ ಬಿಡುತ್ತದೆ. ಹುಲಿಗಳ ದೃಷ್ಟಿಯಿಂದ ಅದು ಸರಿಯೇ. ಪ್ಲಾಸ್ಟಿಕ್ ಎಸೆದು ಹೋಗುವ ನಮ್ಮವರ ಪರ ವಾದಿಸುವುದು ಕಷ್ಟ. ಆದರೆ ಅದೇ ಸಂರಕ್ಷಣೆಯ ಹೆಸರಲ್ಲಿ ಚೆಂಚು ಗೂಡೆಂಗಳನ್ನು ಎಬ್ಬಿಸುವ ಮಾತೂ ಆಗಾಗ ಏಳುತ್ತದೆ. ಯಾತ್ರಿಕರು ಹಬ್ಬ ಮುಗಿಸಿ ಕರ್ನೂಲು ಬಸ್ಸು ಹಿಡಿಯುತ್ತಾರೆ. ಪೆದ್ದಚೆರುವಿನ ಗೂಡೆಂನವರಿಗೆ ಹಿಡಿಯಲು ಬೇರೆ ಊರಿನ ಬಸ್ಸಿಲ್ಲ.