ಮಂಗನ ಕಾಯಿಲೆ ಪತ್ತೆಗೆ ಎಲಿಸಾ: ಜ್ವರದ ದಿನವೇ ನಿರ್ಣಾಯಕ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಾಣುವೊಂದನ್ನು ಪತ್ತೆಹಚ್ಚಿದರು. ಕಾಡಿನ ಹೆಸರೇ ರೋಗಕ್ಕೂ ಬಂದಿತು. ಮಲೆನಾಡಿನಲ್ಲಿ ಅದು ಮಂಗನ ಕಾಯಿಲೆ ಎಂದೇ ಪರಿಚಿತ.

ಉಣುಗುಗಳ ಕಡಿತದಿಂದ ಹರಡುವ ಈ ರೋಗ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ವರೆಗೆ ಹೆಚ್ಚು. ಸೌದೆ, ದರಗು ತರಲು ಕಾಡಿಗೆ ಹೋಗುವವರಿಗೆ ಅಪಾಯ ಅಧಿಕ. ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಸೋಂಕಿತರಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ. ಆರಂಭದ ಜ್ವರ ಡೆಂಗಿಯನ್ನು ಹೋಲುವುದರಿಂದ ರಕ್ತ ಪರೀಕ್ಷೆ ಅನಿವಾರ್ಯ.

ಮೊದಲ ಕೆಲವು ದಿನಗಳಲ್ಲಿ ವೈರಾಣು ರಕ್ತದಲ್ಲೇ ಇರುತ್ತದೆ. ಆಗ ಅದರ ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಸೂಕ್ತ. ಜ್ವರ ಆರಂಭವಾಗಿ ನಾಲ್ಕೈದು ದಿನಗಳ ನಂತರ ಐಜಿಎಂ ಪ್ರತಿಕಾಯ ಮೂಡುತ್ತದೆ. ಅದನ್ನು ಗುರುತಿಸುವುದು ಎಲಿಸಾ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಈ ರೋಗಕ್ಕೆ ರೂಪಿಸಿದ ಐಜಿಎಂ ಎಲಿಸಾ ವಿಧಾನ 2012ರಲ್ಲಿ ಪ್ರಕಟವಾಯಿತು.

ಕಿಟ್‌ನಲ್ಲಿ 96 ಪುಟ್ಟ ಗುಳಿಗಳ ತಟ್ಟೆಯಿರುತ್ತದೆ. ರೋಗಿಯ ಸೀರಂನಲ್ಲಿರುವ ಐಜಿಎಂ ಗುಳಿಯ ತಳಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ನಿಷ್ಕ್ರಿಯಗೊಳಿಸಿದ ವೈರಾಣುವಿನ ಅಂಶವನ್ನೂ, ಪೆರಾಕ್ಸಿಡೇಸ್ ಕಿಣ್ವ ಹೊತ್ತ ದ್ರಾವಣವನ್ನೂ ಒಂದಾದ ಮೇಲೊಂದರಂತೆ ಹಾಕಿ ತೊಳೆಯಲಾಗುತ್ತದೆ. ಮಂಗನ ಕಾಯಿಲೆಯ ಪ್ರತಿಕಾಯ ಇದ್ದರೆ ಮಾತ್ರ ಕಿಣ್ವ ಉಳಿದು ಬಣ್ಣ ಬರಿಸುತ್ತದೆ. ಯಂತ್ರ ಆ ಬಣ್ಣದ ಗಾಢತೆಯನ್ನು ಅಳೆಯುತ್ತದೆ. ಇಲ್ಲಿ ಕಿಣ್ವವು ಸುಳಿವು ಕೊಡುವ ದೀಪವಷ್ಟೇ; ಅದು ರೋಗಿಯದಲ್ಲ, ಕಿಟ್‌ನದು.

ರೋಗಿಯ ರಕ್ತದಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಯಕೃತ್ತಿನ ಕಿಣ್ವಗಳು ಏರುವುದುಂಟು. ಅವನ್ನು ಬೇರೆ ಪರೀಕ್ಷೆಯಿಂದ ಅಳೆಯುತ್ತಾರೆ. ಆ ಏರಿಕೆ ಯಕೃತ್ತಿಗೆ ಆದ ಹಾನಿಯನ್ನು ಸೂಚಿಸುತ್ತದೆಯೇ ಹೊರತು ಮಂಗನ ಕಾಯಿಲೆಯನ್ನು ಖಚಿತಪಡಿಸುವುದಿಲ್ಲ.

ಜ್ವರದ ಎರಡನೇ ದಿನ ಎಲಿಸಾ ನೆಗೆಟಿವ್ ಬಂದರೆ ರೋಗವಿಲ್ಲವೆಂದು ಅರ್ಥವಲ್ಲ. ಪ್ರತಿಕಾಯ ಇನ್ನೂ ಮೂಡಿರಲಿಕ್ಕಿಲ್ಲ. ಐಜಿಎಂ ವಾರಗಟ್ಟಲೆ ಉಳಿಯುವುದರಿಂದ ಪಾಸಿಟಿವ್ ವರದಿಯನ್ನೂ ರೋಗಲಕ್ಷಣದೊಡನೆ ತಾಳೆ ನೋಡಬೇಕು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ಬಳಿಕ ಮರುಕಳಿಸಿ ಮಿದುಳಿಗೂ ತೊಂದರೆ ನೀಡಬಹುದು.

ಆದ್ದರಿಂದ ಸೊರಬ, ಶಿಕಾರಿಪುರದಂತಹ ಕಾಡಂಚಿನ ತಾಲ್ಲೂಕುಗಳ ಜನರು ಜ್ವರ ಬಂದಾಗ ವೈದ್ಯರಿಗೆ ಎರಡು ವಿಷಯ ತಪ್ಪದೆ ತಿಳಿಸಬೇಕು: ಕಾಡಿಗೆ ಹೋಗಿದ್ದು ಯಾವಾಗ, ಜ್ವರ ಶುರುವಾಗಿದ್ದು ಯಾವ ದಿನ. ಯಾವ ಪರೀಕ್ಷೆ ಮಾಡಬೇಕೆಂಬುದು ಆ ಉತ್ತರವನ್ನೇ ಅವಲಂಬಿಸಿದೆ.