ಪ್ರಾರ್ಥನೆಯು ಅಪರಾಧವಾದ ಕಾಲ

ಪ್ರಾರ್ಥನೆಯೆಂಬುದು ದೇವರಿಗೂ ಭಕ್ತನಿಗೂ ನಡುವೆ ಏಕಾಂತದಲ್ಲಿ ನಡೆಯುವ ಮಾತು, ರಾಜ್ಯಭಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯ. ಶಾಂತಿಯ ದಿನಗಳಲ್ಲಿ ಈ ಅಭಿಪ್ರಾಯಕ್ಕೆ ಬಾಧಕವೇನೂ ಇಲ್ಲ. ಆದರೆ ಅಧರ್ಮವೇ ಶಾಸನವಾಗಿ ನಿಂತ ದೇಶದಲ್ಲಿ, ನೆರೆಯವನಿಗಾದ ಅನ್ಯಾಯವನ್ನು ಕಂಡೂ ಕಾಣದಂತಿರುವುದೇ ಜಾಣತನವೆನಿಸಿದ ಸಮಾಜದಲ್ಲಿ, ಪ್ರಾರ್ಥಿಸುವವನು ಯಾರ ಹೆಸರನ್ನೆತ್ತುತ್ತಾನೆ, ಯಾರ ಹೆಸರನ್ನು ಬಿಡುತ್ತಾನೆ ಎಂಬುದು ಬಹಳ ದೊಡ್ಡ ವಿಷಯವಾಗುತ್ತದೆ. ೧೯೩೩ರಿಂದ ೧೯೪೫ರ ವರೆಗೆ ಜರ್ಮನಿಯ ಕ್ರೈಸ್ತರು ಪಟ್ಟ ಪಾಡು ಇದಕ್ಕೆ ನಿದರ್ಶನ. ಅದನ್ನು ನಾವೀಗ ಸ್ವಲ್ಪ ವಿಚಾರಮಾಡೋಣ.

ಆ ದೇಶದ ಕ್ರೈಸ್ತಸಭೆ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರೂ, ೧೮೯೪ರಲ್ಲಿ ಪ್ರಕಟವಾದ ಮಹಾನಿಘಂಟಿನ ಕರ್ತರಾದ ಕಿಟ್ಟೆಲ್ಲರೂ ಜರ್ಮನಿಯಿಂದಲೇ ಬಂದ ಪಾದ್ರಿಗಳು. ಲೂಥರನ ಕಾಲದಿಂದ ವೇದಪಾರಾಯಣಕ್ಕೂ ಸಂಗೀತಕ್ಕೂ ಹೆಸರಾದ ಆ ನಾಡಿನಲ್ಲಿ ೧೯೩೩ನೆಯ ಇಸವಿ ಜನವರಿ ೩೦ರಂದು ಹಿಟ್ಲರನು ಪ್ರಧಾನಿಯಾದನು. ಏಪ್ರಿಲ್ ತಿಂಗಳಲ್ಲಿ ಯೆಹೂದ್ಯರನ್ನು ಸರಕಾರಿ ನೌಕರಿಯಿಂದ ತೆಗೆದುಹಾಕುವ ಕಾನೂನು ಹೊರಟಿತು. ಸೆಪ್ಟೆಂಬರಿನಲ್ಲಿ ಪ್ರಷ್ಯದ ಕ್ರೈಸ್ತಸಭೆಯವರು ತಾವಾಗಿಯೇ ಆ ನಿಯಮವನ್ನು ತಮ್ಮ ಪಾದ್ರಿಗಳಿಗೂ ಅನ್ವಯಿಸಿಕೊಂಡರು. ನವೆಂಬರ್ ೧೩ರಂದು ಬರ್ಲಿನ್ನಿನ ಕ್ರೀಡಾಭವನದಲ್ಲಿ ಸುಮಾರು ಇಪ್ಪತ್ತು ಸಾವಿರ ಜನರೆದುರು, ಹಳೆಯ ಒಡಂಬಡಿಕೆಯನ್ನೇ ತ್ಯಜಿಸಬೇಕೆಂದು ಹಿಟ್ಲರನ ಪಕ್ಷದ ಕ್ರೈಸ್ತರಲ್ಲೊಬ್ಬನು ಘೋಷಿಸಿದನು. ಹಳೆಯ ಒಡಂಬಡಿಕೆ ಹೋದರೆ ಕೀರ್ತನೆಗಳ ಗ್ರಂಥವೂ ಹೋಗುತ್ತದೆ. ಯೇಸುಕ್ರಿಸ್ತನೇ ಪಠಿಸಿದ ಪ್ರಾರ್ಥನೆಗಳು ಯೆಹೂದ್ಯರವೆಂಬ ಕಾರಣದಿಂದ ಕ್ರಿಸ್ತನ ಭಕ್ತರಿಗೆ ವರ್ಜ್ಯವಾಗಬೇಕಾಗಿತ್ತು!

ಇದನ್ನು ಒಪ್ಪದವರು ಮಾರ್ಟಿನ್ ನೀಮೊಲರ್ ಎಂಬ ಪಾದ್ರಿಯ ಮುಂದಾಳುತನದಲ್ಲಿ ಒಂದುಗೂಡಿದರು. ೧೯೩೪ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್ ಎಂಬಲ್ಲಿ ನೆರೆದು, ಸಭೆಗೆ ಕ್ರಿಸ್ತನ ವಾಕ್ಯವೊಂದೇ ಪ್ರಮಾಣವೆಂದು ಸಾರಿದರು. ಇವರ ಸಂಘವನ್ನು 'ಸಾಕ್ಷಿಸಭೆ'ಯೆಂದು ನಾವು ಕರೆಯಬಹುದು. ೧೯೩೭ರ ಜುಲೈ ೧ರಂದು ನೀಮೊಲರರು ಬಂಧಿತರಾದರು. ಅಂದಿನಿಂದ ಬರ್ಲಿನ್ನಿನ ಡಾಲೆಮ್ ಬಡಾವಣೆಯಲ್ಲಿದ್ದ ಅವರ ಚರ್ಚಿನಲ್ಲಿ ಸಂಜೆಯ ಪ್ರಾರ್ಥನೆಗಳು ನಡೆದುಬಂದವು. ಸೆರೆಯಲ್ಲಿದ್ದವರ, ಗಡೀಪಾರಾದವರ, ಉಪದೇಶಮಾಡಕೂಡದೆಂಬ ಆಜ್ಞೆಗೆ ಗುರಿಯಾದವರ ಹೆಸರುಗಳನ್ನು ಪಟ್ಟಿಯಿಂದ ಒಂದೊಂದಾಗಿ ಓದಿ ಅವರಿಗಾಗಿ ಬೇಡುತ್ತಿದ್ದರು. ವೃತ್ತಪತ್ರಿಕೆಗಳು ಬಾಯಿಮುಚ್ಚಿದ್ದ ಆ ಕಾಲದಲ್ಲಿ ಯಾರು ಬಂಧಿತರಾದರೆಂಬ ವಾರ್ತೆ ಜನಕ್ಕೆ ತಿಳಿಯಲು ಪ್ರಾರ್ಥನೆಯೂ ಒಂದು ದಾರಿಯಾಯಿತು. ಆದರೆ ಆ ಪಟ್ಟಿಗಳಲ್ಲಿದ್ದ ಹೆಸರುಗಳು ಬಹುಮಟ್ಟಿಗೆ ತಮ್ಮವರವೇ ಎಂಬುದನ್ನು ನಾವು ಗಮನಿಸಬೇಕು. ತಮ್ಮವರನ್ನು ಮರೆಯದಿರುವುದು ನಿಷ್ಠೆಯ ಮೊದಲ ಮೆಟ್ಟಿಲು, ಕೊನೆಯದಲ್ಲ.

೧೯೩೮ರ ಸೆಪ್ಟೆಂಬರಿನಲ್ಲಿ ಜೆಕೊಸ್ಲೊವಾಕಿಯದ ನಿಮಿತ್ತವಾಗಿ ಯುದ್ಧ ಹತ್ತಿರವಾಯಿತು. ಆಗ ಸಾಕ್ಷಿಸಭೆಯ ಅಗ್ರಣಿಗಳು ೩೦ನೆಯ ತಾರೀಖಿನಂದು ಚರ್ಚುಗಳಲ್ಲಿ ನಡೆಸಬೇಕಾದ ಒಂದು ಪ್ರಾರ್ಥನಾಕ್ರಮವನ್ನು ಬರೆದು ಕಳುಹಿಸಿದರು. ಸಭೆಯ ಪಾಪವನ್ನೂ ಜನಾಂಗದ ಪಾಪವನ್ನೂ ಒಪ್ಪಿಕೊಂಡು, ಯುದ್ಧವನ್ನು ತಪ್ಪಿಸೆಂದು ದೇವರಲ್ಲಿ ಬೇಡುವುದೇ ಅದರ ತಿರುಳು. ಅಷ್ಟರಲ್ಲಿ ಮ್ಯೂನಿಕ್ಕಿನ ಒಪ್ಪಂದವಾಗಿ, ಆ ಆರಾಧನೆ ನಡೆಯುವ ಸಂದರ್ಭವೇ ಒದಗಲಿಲ್ಲ. ಆದರೂ ಹಿಟ್ಲರನ ಕರಿಯಂಗಿ ಪಡೆಯ ಪತ್ರಿಕೆಯು ಅಕ್ಟೋಬರಿನಲ್ಲಿ ಅದನ್ನು ಬಯಲಿಗೆಳೆದು ದೇಶದ್ರೋಹವೆಂದು ಕೂಗಿತು. ಅದನ್ನು ರಚಿಸಿದವರ ಸಂಬಳವನ್ನು ತಡೆಹಿಡಿದರು. ಇದಕ್ಕಿಂತಲೂ ವ್ಯಥೆಯ ಸಂಗತಿಯೆಂದರೆ, ಹಾನೋವರ್, ಬವೇರಿಯ, ವುರ್ಟೆಂಬರ್ಗ್ ಮೊದಲಾದ ಪ್ರಾಂತಗಳ ಬಿಷಪ್ಪರು ಮಂತ್ರಿಯ ಕರೆಗೆ ಓಗೊಟ್ಟು, ಆ ಪ್ರಾರ್ಥನೆಯನ್ನು ತಾವು ಖಂಡಿಸುವೆವೆಂದು ಸಹಿಹಾಕಿಕೊಟ್ಟರು. ತನ್ನ ಜನದ ತಪ್ಪನ್ನು ದೇವರ ಮುಂದೆ ಹೇಳಿಕೊಳ್ಳುವುದು ಜನದ್ರೋಹವೇ? ಪ್ರವಾದಿಗಳ ಗ್ರಂಥವನ್ನು ಓದಿದ ಬಿಷಪ್ಪರಿಗೆ ಇದರ ಉತ್ತರ ತಿಳಿಯದೆ ಇರಲಿಲ್ಲ.

ಒಂದೆರಡು ವಾರಗಳೊಳಗೆ, ನವೆಂಬರ್ ೯ರ ರಾತ್ರಿ, ದೇಶದ ಉದ್ದಗಲಕ್ಕೂ ಯೆಹೂದ್ಯರ ಪ್ರಾರ್ಥನಾಮಂದಿರಗಳು ಹೊತ್ತಿ ಉರಿದವು. ಬರ್ಲಿನ್ನಿನ ಸಂತ ಹೆಡ್ವಿಗ್ ದೇವಾಲಯದಲ್ಲಿ ಬರ್ನ್‌ಹಾರ್ಡ್ ಲಿಕ್ಟೆನ್‌ಬರ್ಗ್ ಎಂಬ ಕೆಥೋಲಿಕ್ ಪಾದ್ರಿಗಳಿದ್ದರು. ಹೊರಗೆ ಉರಿಯುತ್ತಿರುವ ಮಂದಿರವೂ ದೇವರ ಮನೆಯೇ ಎಂದು ಅವರು ತಮ್ಮ ಸಭಿಕರಿಗೆ ಹೇಳಿದರು. ಅಂದಿನಿಂದ ಪ್ರತಿ ಸಂಜೆಯೂ ಯೆಹೂದ್ಯರಿಗಾಗಿಯೂ ಬಂದೀಶಿಬಿರಗಳಲ್ಲಿ ನರಳುವವರಿಗಾಗಿಯೂ ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿದರು. ಸುಮಾರು ಮೂರು ವರ್ಷಕಾಲ ಇದು ನಡೆಯಿತು. ೧೯೪೧ರ ಆಗಸ್ಟಿನಲ್ಲಿ ದೇವಾಲಯವನ್ನು ನೋಡಲು ಬಂದ ಇಬ್ಬರು ವಿದ್ಯಾರ್ಥಿನಿಯರು ಆ ಮಾತನ್ನು ಕೇಳಿ ದೂರುಕೊಟ್ಟರು. ಅಕ್ಟೋಬರ್ ೨೩ರಂದು ಅವರ ಬಂಧನವಾಯಿತು. ವಿಚಾರಣೆಯಲ್ಲಿ ಅವರು ಏನನ್ನೂ ಮರೆಮಾಚಲಿಲ್ಲ. ಪೋಲೆಂಡಿಗೆ ಸಾಗಿಸಲ್ಪಡುತ್ತಿದ್ದ ಯೆಹೂದ್ಯರೊಡನೆ ತಾವೂ ಹೋಗಲು ಬಯಸುವುದಾಗಿ ತಿಳಿಸಿದರು. ಎರಡು ವರ್ಷದ ಸಜೆ ಮುಗಿದರೂ ಗುಪ್ತ ಪೋಲೀಸಿನವರು ಬಿಡದೆ ಡಾಖೌ ಶಿಬಿರಕ್ಕೆ ಕಳುಹಿಸಿದರು. ದಾರಿಯಲ್ಲಿ, ೧೯೪೩ರ ನವೆಂಬರ್ ೫ರಂದು, ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ೧೯೯೬ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಬರ್ಲಿನ್ನಿಗೇ ಬಂದು ಅವರನ್ನು ಪುಣ್ಯವಂತರ ಸಾಲಿಗೆ ಸೇರಿಸಿದರು.

ಅದೇ ನವೆಂಬರಿನ ತಾರೀಖನ್ನು ಮತ್ತೊಬ್ಬ ಪಾದ್ರಿಗಳು ತಮ್ಮ ಬೈಬಲಿನಲ್ಲಿ ಎಪ್ಪತ್ತನಾಲ್ಕನೆಯ ಕೀರ್ತನೆಯ ಪಕ್ಕದಲ್ಲಿ ಬರೆದಿಟ್ಟುಕೊಂಡರು. ಶತ್ರುಗಳು ನಾಡಿನ ದೇವಮಂದಿರಗಳನ್ನು ಸುಟ್ಟರೆಂದು ಗೋಳಿಡುವ ವಚನ ಅದು. ಇವರು ಡೀಟ್ರಿಖ್ ಬಾನ್‌ಹೋಫರ್. ೧೯೩೪ರಲ್ಲಿ ಗಾಂಧೀಜಿಯವರಿಂದ ಆಶ್ರಮಕ್ಕೆ ಬರುವಂತೆ ಆಹ್ವಾನ ಪಡೆದಿದ್ದ ಇವರು, ಆ ಪ್ರಯಾಣವನ್ನು ಬಿಟ್ಟು, ಮರುವರ್ಷ ಸಾಕ್ಷಿಸಭೆಯ ತರುಣರಿಗೆ ಪಾಠಶಾಲೆ ನಡೆಸಲು ನಿಂತರು. ಅಲ್ಲಿ ದಿನವೂ ಕೀರ್ತನೆಗಳ ಪಠನ ನಡೆಯುತ್ತಿತ್ತು. ೧೯೩೭ರಲ್ಲಿ ಪೋಲೀಸರು ಅದನ್ನು ಮುಚ್ಚಿಸಿದರು. ೧೯೪೦ರಲ್ಲಿ ಬಾನ್‌ಹೋಫರರು, ಕೀರ್ತನೆಗಳೇ ಬೈಬಲಿನ ಪ್ರಾರ್ಥನಾಗ್ರಂಥವೆಂದು ಸಾರುವ ಕಿರುಹೊತ್ತಗೆಯೊಂದನ್ನು ಅಚ್ಚುಮಾಡಿಸಿದರು. ಮರುವರ್ಷ ಅವರು ಏನನ್ನೂ ಪ್ರಕಟಿಸಕೂಡದೆಂಬ ಆಜ್ಞೆ ಬಂದಿತು. ೧೯೪೩ರ ಏಪ್ರಿಲಿನಲ್ಲಿ ಸೆರೆಯಾದ ಮೇಲೆ, ಆ ವರ್ಷದ ಕ್ರಿಸ್‌ಮಸ್ಸಿಗಾಗಿ ಟೇಗೆಲ್ ಸೆರೆಮನೆಯ ಜೊತೆಗಾರರಿಗೆ ಬೆಳಗಿನದೊಂದು, ಸಂಜೆಯದೊಂದು, ಸಂಕಟಕಾಲದ್ದೊಂದು ಪ್ರಾರ್ಥನೆಯನ್ನು ಬರೆದುಕೊಟ್ಟರು. ಬೆಳಗಿನ ಪ್ರಾರ್ಥನೆಯಲ್ಲಿ ಮನೆಯವರ ಮತ್ತು ಸೆರೆಯ ಸಂಗಾತಿಗಳ ಜೊತೆಯಲ್ಲಿ, ಆ ಕಟ್ಟಡದಲ್ಲಿ ಕಷ್ಟದ ಕೆಲಸಮಾಡುವವರ ನೆನಪೂ ಇದೆ. ಎಂದರೆ ಕಾವಲಿನವರೂ ಬಿಟ್ಟುಹೋಗಲಿಲ್ಲ. ೧೯೪೫ರ ಏಪ್ರಿಲ್ ೯ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು.

ಯುದ್ಧ ಮುಗಿದ ಮೇಲೆ, ೧೯೪೫ರ ಅಕ್ಟೋಬರ್ ೧೯ರಂದು, ಜರ್ಮನಿಯ ಪ್ರಾಟೆಸ್ಟೆಂಟ್ ಸಭೆಯ ಮುಖಂಡರು ಸ್ಟುಟ್‌ಗಾರ್ಟ್ ನಗರದಲ್ಲಿ ಒಂದು ತಪ್ಪೊಪ್ಪಿಗೆಯನ್ನು ಪ್ರಕಟಿಸಿದರು. ತಾವು ಸಾಲದಾದ ವಿಷಯಗಳನ್ನು ಎಣಿಸುವಾಗ, ಇನ್ನೂ ನಿಷ್ಠೆಯಿಂದ ಪ್ರಾರ್ಥಿಸದೆಹೋದುದನ್ನೂ ಅವರು ಅಲ್ಲಿ ಸೇರಿಸಿದರು. ೧೯೩೮ರ ಪ್ರಾರ್ಥನೆಯನ್ನು ಖಂಡಿಸಿದ್ದ ಬಿಷಪ್ಪರಲ್ಲಿ ವೂರ್ಮ್ ಮತ್ತು ಮೈಸರ್ ಇಬ್ಬರೂ ಈಗ ಇದಕ್ಕೆ ಸಹಿಮಾಡಿದರು. ಏಳು ವರ್ಷದ ಹಿಂದೆ ದ್ರೋಹವೆನಿಸಿದ್ದುದು ಈಗ ಧರ್ಮವೆನಿಸಿತು. ಆದರೂ ಆ ಪತ್ರದಲ್ಲಿ ಯೆಹೂದ್ಯರ ಹೆಸರೇ ಇಲ್ಲ. ಈ ಕೊರತೆಯನ್ನು ಮುಂದಿನವರು ಎತ್ತಿತೋರಿಸಿರುವುದು ನ್ಯಾಯವೇ ಆಗಿದೆ.

ಈ ಚರಿತ್ರೆಯಿಂದ ಕ್ರೈಸ್ತರಿಗೆ ಮಾತ್ರವೇ ಪಾಠವಿದೆಯೆಂದು ನಾವು ಭಾವಿಸಬೇಕಾಗಿಲ್ಲ. ಪ್ರಾರ್ಥನೆಯು ಹಿಟ್ಲರನನ್ನು ಕೆಳಗಿಳಿಸಲಿಲ್ಲ; ಅವನನ್ನು ಇಳಿಸಿದುದು ಸೈನ್ಯಗಳು. ಆದರೆ ಎಲ್ಲರೂ ಮರೆಯಬೇಕೆಂದು ರಾಜ್ಯವು ವಿಧಿಸಿದವರ ಹೆಸರನ್ನು ದಿನವೂ ಬಾಯಿಬಿಟ್ಟು ಹೇಳುವವನು, ಆ ಹೇಳುವಿಕೆಯಿಂದಲೇ ತನ್ನ ಮನಸ್ಸು ಕಲ್ಲಾಗದಂತೆ ಕಾಪಾಡಿಕೊಂಡನು. ಕೇಳಿದವರು ತಮಗೇನೂ ತಿಳಿದಿರಲಿಲ್ಲವೆಂದು ಹೇಳಲಾಗದಂತೆ ಮಾಡಿದನು. ಸಂತ ಹೆಡ್ವಿಗ್ ದೇವಾಲಯದಲ್ಲಿ ಸಂಜೆಸಂಜೆಗೂ ಆದ ಕೆಲಸ ಇಷ್ಟೇ. ಈ ಕೆಲಸಕ್ಕೆ ಆಯುಧ ಬೇಡ, ಅಧಿಕಾರ ಬೇಡ. ನಾವು ನಮ್ಮ ನಮ್ಮ ದೇವರ ಮುಂದೆ ಕೈಜೋಡಿಸಿದಾಗ ಯಾರ ಹೆಸರನ್ನು ಬಿಟ್ಟಿದ್ದೇವೆಂದು ಒಮ್ಮೆ ಪರೀಕ್ಷಿಸಿಕೊಳ್ಳುವುದು ಎಲ್ಲ ಕಾಲಕ್ಕೂ ಎಲ್ಲ ಮತದವರಿಗೂ ಒಳ್ಳೆಯದು.